ಗೇಟಿನ ಖಾದರಬಾಷಾ ಮತ್ತು ಏಳನೆಯ ಫೋನು

ಖಾದರಬಾಷಾ ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಅವರಿಗೆ ಬಂದ ಕೆಟ್ಟ ಹೆಸರು ನನಗೆ ಬರಬೇಕಾದದ್ದು.

ಗೋಕುಲ ರಸ್ತೆಯ ಒಂದು ಎರಕದ ಕಾರ್ಖಾನೆಯ ಗೇಟಿನಲ್ಲಿ ಹನ್ನೊಂದು ವರ್ಷ ಕಾವಲಿಗಿದ್ದವರು ಅವರು. ಅದಕ್ಕೂ ಮುಂಚೆ ಕಮರಿಪೇಟೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದರು. ಮೊಬೈಲ್ ಬಂದು ಬೂತ್ ಮುಚ್ಚಿತು, ಫೋನಿನ ಮೇಲಿನ ಮರ್ಯಾದೆ ಮಾತ್ರ ಹೋಗಲಿಲ್ಲ. ದಿನಾ ಬೆಳಿಗ್ಗೆ ಗೇಟಿನ ಫೋನನ್ನು ಹಳದಿ ಬಟ್ಟೆಯಿಂದ ಒರೆಸುವರು. ಊಟಕ್ಕೆ ಕೂತರೂ ಎಡಗೈ ಅದರ ಪಕ್ಕದಲ್ಲೇ. ಎರಡನೆಯ ರಿಂಗ್ ಆಗಲು ಬಿಡುತ್ತಿರಲಿಲ್ಲ. “ಯಾರ್ ಯಾವ ತ್ರಾಸಿನ್ಯಾಗ ಫೋನ್ ಹಚ್ಚಿರತಾರೊ ಏನೊ, ಕಾಯಿಸಬಾರದ್ರಿ” ಎನ್ನುವರು.

ನಾನು ಋತುಜಾ, ಧಾರವಾಡದ ಮಾಸ್ತರರೊಬ್ಬರ ಮಗಳು. ಕಾರ್ಖಾನೆಗಳಿಗೆ ತುರ್ತು ಫೋನು ಹಾಕಿಕೊಡುವ ಸಣ್ಣ ಕಂಪನಿಯಲ್ಲಿ ಕೆಲಸ. ದಪ್ಪ ಕಬ್ಬಿಣದ ಮೈಯ ಕೆಂಪು ಫೋನುಗಳು ಅವು. ಧೂಳು, ನೀರು, ಕಾವು ಯಾವುದಕ್ಕೂ ಜಗ್ಗುವುದಿಲ್ಲ, ಇಂಟರ್ನೆಟ್ ತಂತಿಯ ಮೇಲೆ ನಡೆಯುತ್ತವೆ. ಗುಂಡಿಗಳೇ ಇಲ್ಲ. ರಿಸೀವರ್ ಎತ್ತಿದರೆ ಸಾಕು, ನಾವು ಲ್ಯಾಪ್‌ಟಾಪಿನಲ್ಲಿ ತುಂಬಿಟ್ಟ ಒಂದೇ ನಂಬರಿಗೆ ತಾನಾಗಿ ಕರೆ ಹೋಗುತ್ತದೆ. ಆ ಕಾರ್ಖಾನೆಯಲ್ಲಿ ಏಳು ಫೋನು. ಏಳೂ ಗೇಟಿನಲ್ಲಿ ಖಾದರಬಾಷಾ ಮುಂದೆ ರಿಂಗ್ ಆಗಬೇಕು, ಅವರು ಆಂಬುಲೆನ್ಸ್ ಕರೆಸಬೇಕು.

ಜೋಡಿಸಿದ ದಿನ ಒಂದೊಂದನ್ನೂ ನಾಲ್ಕು ಸಲ ಎತ್ತಿ ಪರೀಕ್ಷಿಸುತ್ತಿದ್ದೆ. ಪ್ರತಿ ಸಲವೂ ಆ ಪುಣ್ಯಾತ್ಮರು, “ಹಲೋ, ಗೇಟಿನಿಂದ ಖಾದರಬಾಷಾ ಮಾತಾಡಾಕತ್ತೇನ್ರಿ, ಏನಾತ್ರಿ?” ಎಂದು ಗಾಬರಿಯಿಂದ ಶುರು ಮಾಡುವರು. ಪರೀಕ್ಷೆ ಎಂದು ತಿಳಿದ ಮೇಲೆ, “ನಿಮ್ಮ ಧ್ವನಿ ಭಾರಿ ಛಲೋ ಬರಾಕತ್ತೈತ್ರಿ ಮೇಡಂ. ಚಾ ಆತೇನ್ರಿ?” ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆರು ಫೋನು ಮುಗಿಯುವಷ್ಟರಲ್ಲಿ ತಲೆ ಕೆಟ್ಟುಹೋಗಿತ್ತು. “ಚಾಚಾ, ಸುಮ್ನ ಇಡ್ರಿ ಫೋನು!” ಎಂದು ರೇಗಿದೆ. ಏಳನೆಯದು ಕುಲುಮೆ ಶೆಡ್ಡಿನದು. ಅವರ ಹರಟೆ ತಪ್ಪಿಸಲು ಅದರ ಕರೆಯನ್ನು ನಮ್ಮ ಆಫೀಸಿನಲ್ಲಿರುವ ನನ್ನ ಮೇಜಿನ ಫೋನಿಗೆ ತಿರುಗಿಸಿದೆ. ಅಲ್ಲಿದ್ದ ಸಹೋದ್ಯೋಗಿ ಸುರಭಿ ಎತ್ತಿ, “ಕೇಳಸ್ತದ” ಎಂದಳು. ಪಟ್ಟಿಯಲ್ಲಿ ಗುರುತು ಹಾಕಿ, ಬಸ್ ತಪ್ಪೀತೆಂದು ಓಡಿದೆ. ನಂಬರನ್ನು ಮತ್ತೆ ಗೇಟಿಗೆ ಬದಲಿಸುವುದು ಮರೆತೇ ಹೋಯಿತು.

ಎರಡು ತಿಂಗಳ ನಂತರ, ಭಾನುವಾರ ಬೆಳಗಿನ ಪಾಳಿಯಲ್ಲಿ ಕುಲುಮೆ ಶೆಡ್ಡಿನ ಭಾರ ಎತ್ತುವ ಸರಪಳಿ ಜಾರಿ ಅಚ್ಚಿನ ಕಬ್ಬಿಣದ ಪೆಟ್ಟಿಗೆ ವಿನೋದನ ಕಾಲ ಮೇಲೆ ಬಿತ್ತು. ಅಮ್ಮಿನಬಾವಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಕೆಲಸಗಾರ ಅವನು. ಶೆಡ್ಡಿನೊಳಗೆ ಮೊಬೈಲ್ ಒಯ್ಯುವಂತಿಲ್ಲ. ಜೊತೆಗಿದ್ದವರು ಕೆಂಪು ಫೋನ್ ಎತ್ತಿದರು, ಮೂರು ಸಲ ಎತ್ತಿದರು. ಮೂರೂ ಸಲ ಅದು ಬೀಗ ಹಾಕಿದ ನಮ್ಮ ಆಫೀಸಿನಲ್ಲಿ ಬಡಿದುಕೊಂಡಿತು. ಕೊನೆಗೆ ಒಬ್ಬ ದೂರದಿಂದಲೇ ಕೂಗುತ್ತ ಗೇಟಿಗೆ ಓಡಿದ. ಆಂಬುಲೆನ್ಸ್ ಬರುವಷ್ಟರಲ್ಲಿ ರಕ್ತ ಬಹಳ ಹೋಗಿತ್ತು. ಜೀವವೇನೋ ಉಳಿಯಿತು. ಎಡಗಾಲಿನ ಪಾದ ತೆಗೆಯಬೇಕಾಯಿತು.

ಸೋಮವಾರ ನನ್ನ ಮೇಜಿನ ಫೋನಿನ ಪರದೆಯ ಮೇಲೆ ‘ಕುಲುಮೆ ಶೆಡ್’ ಎಂದು ಮೂರು ಮಿಸ್ಡ್ ಕಾಲ್ ಇದ್ದವು. ನಂಬರ್ ಬದಲಿಸದೆ ಬಿಟ್ಟದ್ದು ಆಗ ನೆನಪಾಯಿತು. ಅಷ್ಟರಲ್ಲಿ ಕಾರ್ಖಾನೆಯವರೇ ಕರೆದರು: ಕಾವಲುಗಾರ ನಿದ್ದೆ ಹೋಗಿದ್ದನೋ, ಫೋನೇ ಕೆಟ್ಟಿತ್ತೋ, ಬಂದು ನೋಡಿ ಹೇಳಬೇಕಂತೆ. ಹೋದೆ. ಗೇಟಿನಲ್ಲಿ ಖಾದರಬಾಷಾ ನನ್ನನ್ನು ಕಂಡವರೇ ಎದ್ದು ನಿಂತರು.

“ರಿಂಗ್ ಆಗಿಲ್ರಿ ಮೇಡಂ, ಅಲ್ಲಾನ ಆಣಿ. ನೀವ ನೋಡಿ ಹೇಳ್ರಿ. ನೀವು ಕಲತವರು, ನಿಮ್ಮ ಮಾತ ಕೇಳತಾರ.”

ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ತೆರೆದೆ. ನಂಬರನ್ನು ಗೇಟಿಗೆ ಬದಲಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಮ್ಯಾನೇಜರ್ ಎದುರಿಗೇ ರಿಸೀವರ್ ಎತ್ತಿದೆ. ಮೊದಲ ರಿಂಗಿಗೇ, “ಹಲೋ, ಗೇಟಿನಿಂದ ಖಾದರಬಾಷಾ...” ಎಂಬ ಧ್ವನಿ ಕೇಳಿತು. ಫೋನ್ ಸರಿ ಇದೆ ಎಂದು ಬರೆದು ಸಹಿ ಮಾಡಿದೆ. ಥೂ, ನನ್ನ ಜನ್ಮಕ್ಕಿಷ್ಟು! ಆ ಸಂಜೆಯೇ ಅವರನ್ನು ಕೆಲಸದಿಂದ ತೆಗೆದರು.

ಇಪ್ಪತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ. ಉಂಡ ಅನ್ನ ಮೈಗೆ ಹತ್ತಲಿಲ್ಲ. ಕಡೆಗೆ ಕಮರಿಪೇಟೆಯ ಅವರ ಮನೆಗೆ ಹೋದೆ. ಹೆಂಡತಿ ಮಕ್ತುಮಬಿ ಚಾ ತಂದುಕೊಟ್ಟರು. ಇನ್ನೇನು ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತೆ.

“ನಿಮ್ಮದೇನ ತಪ್ಪಿಲ್ರಿ ಮೇಡಂ,” ಎಂದರು ಖಾದರಬಾಷಾ. “ಫೋನ್ ಸರಿ ಇತ್ತಂದ್ರ ನನ್ನ ಕಿವಿನ ಕೆಟ್ಟಿರಬೇಕಂತ ಡಾಕ್ಟರ್ ಕಡೆ ಹೋಗಿದ್ದೆ. ಕಿವಿ ಛಲೋ ಅದಾವ ಅಂದ್ರು. ಹಂಗಾದ್ರ ನಿದ್ದಿನ ಹತ್ತಿರಬೇಕ್ರಿ, ವಯಸ್ಸಾತಲ್ಲ. ಎರಡ ಸಲ ಅಮ್ಮಿನಬಾವಿಗೆ ಹೋಗಿ ವಿನೋದಗ ಕೈ ಮುಗದು ಬಂದೇನಿ. ಅಂವಾ ಮಾತಾಡ್ಲಿಲ್ಲ.”

“ಈಗ ಹಗಲೊತ್ತಿನ್ಯಾಗ ಕಣ್ಣ ಮುಚ್ಚಂಗಿಲ್ರಿ ಇವ್ರು,” ಎಂದರು ಮಕ್ತುಮಬಿ. “ಎಲ್ಲಿ ನಿದ್ದಿ ಹತ್ತತೈತೊ ಅಂತ ಕುಂತಲ್ಲೆ ಕೈ ಚಿವುಟ್ಕೊತಾರ.”

ಹೇಳಿಬಿಟ್ಟೆ. ತಿರುಗಿಸಿದ ನಂಬರು, ಮೂರು ಮಿಸ್ಡ್ ಕಾಲ್, ಆ ಅರ್ಧ ನಿಮಿಷ, ಸಹಿ. ಹೇಳುತ್ತ ಅಳು ಬಂತು, ಅವರೆದುರು ಅಳುವುದಕ್ಕೂ ನಾಚಿಕೆಯಾಯಿತು.

ಅವರು ಕೈಯಲ್ಲಿದ್ದ ಚಾ ಕಪ್ಪನ್ನು ಕೆಳಗಿಟ್ಟರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. ಮನೆಯಲ್ಲಿ ಉರ್ದು ಆಡುವವರು, ನನಗೂ ತಿಳಿಯಲೆಂದೇನೋ, ಕನ್ನಡದಲ್ಲೇ ಹೇಳಿದರು: “ಕೇಳಿದೇನ? ನಾ ಎಚ್ಚರನ ಇದ್ದೆ.”

“ನಾಳೆ ಮ್ಯಾನೇಜರಿಗೆ ಎಲ್ಲಾ ಬರದು ಕೊಡ್ತೇನಿ ಚಾಚಾ. ನಿಮ್ಮ ಕೆಲಸ...” ಎಂದೆ.

“ಅದು ಆಮ್ಯಾಲೆ. ಮೊದಲ ವಿನೋದಗ ಫೋನ್ ಹಚ್ರಿ. ನಾ ಮಲಗಿದ್ದೆ ಅಂತ ತಿಳಕೊಂಡು ಕುಂತಾನ ಅಂವಾ.” ತಮ್ಮ ಮೊಬೈಲನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗಿಟ್ಟರು.

ರಿಂಗ್ ಆಗಿ ಆಗಿ ನಿಂತಿತು. ಅವರ ನಂಬರ್ ಕಂಡರೆ ಅವನು ಎತ್ತುವುದಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ನನ್ನ ಮೊಬೈಲ್ ತೆಗೆದು ಅದರಿಂದ ಹಚ್ಚಿದೆ. ಕೂಡಲೇ ಎತ್ತಿದ.

“ಹಲೋ, ಯಾರ್ರಿ?”

“ನಾನು ಋತುಜಾ ಅಂತ,” ಎಂದೆ. “ಅವತ್ತ ಶೆಡ್ಡಿನಿಂದ ನಿಮ್ಮವರು ಮೂರ ಸಲ ಹಚ್ಚಿದ್ರಲ್ರಿ, ಆ ಫೋನು ನನಗ ಬಂದಿತ್ರಿ.”