ಎಣ್ಣೆ ಬೆರಳಿನ ಪುಟಗಳು

ಬೆಳಿಗ್ಗೆ ಏಳೂವರೆಗೆ ರಾಯಚೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕುಳಿತು ತಿಂಡಿಗೆ ಏನಿದೆ ಎಂದು ಕೇಳಿದೆ. "ಒಗ್ಗರಣಿ, ಮಿರ್ಚಿ" ಎಂದರು ಹೋಟೆಲಿನವರು. "ಒಗ್ಗರಣೆ ಯಾವುದಕ್ಕೆ?" ಎಂದೆ. ಅವರು ನನ್ನನ್ನೂ ನನ್ನ ಟ್ರಂಕನ್ನೂ ಒಮ್ಮೆ ನೋಡಿ, "ಹೊಟ್ಟಿಗ್ರಿ" ಎಂದರು.

ತಟ್ಟೆ ಬಂತು. ಈರುಳ್ಳಿ, ಅರಿಶಿನ, ಹುಣಸೆಹುಳಿ ಬೆರೆಸಿದ ಮೆತ್ತನೆಯ ಮಂಡಕ್ಕಿ. ಪಕ್ಕದಲ್ಲಿ ಅಂಗೈ ಉದ್ದದ ಎರಡು ಮೆಣಸಿನಕಾಯಿ ಬಜ್ಜಿ. ನಮ್ಮ ಚಾಮರಾಜನಗರದ ಕಡೆ ಬಜ್ಜಿ ಎಂದರೆ ಸಂಜೆ, ಅದೂ ಮೋಡ ಕವಿದ ಸಂಜೆ. ಇಲ್ಲಿ ಬಿಸಿಲು ಆಗಲೇ ಬಾಗಿಲು ದಾಟಿ ಮೇಜಿನ ಕಾಲಿಗೆ ಬಂದಿತ್ತು. ಸುತ್ತಲಿನವರು ಪೇಪರ್ ಓದುತ್ತ, ನಾವು ಇಡ್ಲಿ ತಿನ್ನುವಷ್ಟು ಸಲೀಸಾಗಿ ಮಿರ್ಚಿ ತಿನ್ನುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಅಂದುಕೊಂಡೆ.

ಅದೇ ವಾರ, ನಮ್ಮ ಊರಿಗೇ ವರ್ಗಾವಣೆ ಕೊಡಿ ಎಂದು ನಾನು ಕೆಲಸ ಮಾಡುವ ಪತ್ರಿಕೆಯ ಮುಖ್ಯ ಕಚೇರಿಗೆ ಅರ್ಜಿ ಬರೆದೆ. ಅದು ಮುಂದೆ ಬರುತ್ತದೆ.

ಮನೆ ಸಿಕ್ಕಿದ್ದು ಕೋಟೆಯೊಳಗಿನ ಒಂದು ಓಣಿಯಲ್ಲಿ. ಕೆಳಗೆ ಮನೆಯವರು, ಮೇಲೆ ನನಗೆ ಒಂದು ಕೋಣೆ, ಇಲ್ಲಿನವರು ಮಾಳಿಗೆ ಎನ್ನುವ ತಾರಸಿಗೆ ತೆರೆದುಕೊಂಡ ಅಡುಗೆಮನೆ. ಮನೆಯ ಯಜಮಾನರು ಚಾಂದಪಾಷಾ, ನಿವೃತ್ತ ಬಸ್ ಕಂಡಕ್ಟರ್. ಅವರ ಹೆಂಡತಿ ಜೈನಬಿ. ಮನೆಯೊಳಗೆ ದಖನಿ ಉರ್ದು, ನನ್ನ ಜೊತೆ ಕನ್ನಡ. ನಾನು ಮೊದಲು ಕಲಿತ ದಖನಿ ಮಾತು 'ನಕ್ಕೋ', ಬೇಡ ಎಂದು. ಜೈನಬಿ ಗಂಡನಿಗೆ ದಿನಕ್ಕೆ ಹತ್ತಾರು ಸಲ ಅದನ್ನು ಹೇಳುವುದು ಮೇಲಕ್ಕೆ ಕೇಳಿಸುತ್ತಿತ್ತು. ಯಾಕೆ ಎಂದು ನಾನು ವಿಚಾರಿಸಲಿಲ್ಲ.

ನನ್ನ ಟ್ರಂಕಿನಲ್ಲಿದ್ದದ್ದು ಎರಡೇ ಮುಖ್ಯ ಸಾಮಾನು: ಕಬ್ಬಿಣದ ಬಾಣಲೆ ಮತ್ತು ಚಿಕ್ಕಂದಿನಿಂದ ಕೂಡಿಟ್ಟ ಸಾಹಸದ ಕಾಮಿಕ್ಸ್. ವಾರದ ರಜೆಯಲ್ಲಿ ಏನಾದರೂ ಕರಿಯುವುದು, ತಿನ್ನುತ್ತ ಹಡಗುಗಳ್ಳರನ್ನೋ ಮರುಭೂಮಿಯ ಸವಾರರನ್ನೋ ಓದುವುದು. ಒಂಟಿ ಮನುಷ್ಯನಿಗೆ ಇಷ್ಟು ಚಟ ಸಾಕು.

ಮೊದಲ ಭಾನುವಾರ ಕೋಡುಬಳೆ ಕರಿಯುತ್ತಿದ್ದಾಗ ಚಾಂದಪಾಷಾ ಮೆಟ್ಟಿಲು ಹತ್ತಿ ಬಂದರು. ನೀರಿನ ಟ್ಯಾಂಕ್ ನೋಡಲು ಬಂದೆ ಎಂದರು. ಟ್ಯಾಂಕಿನ ಕಡೆ ತಿರುಗಲೂ ಇಲ್ಲ.

"ಏನ್ರೀ ಇದು, ಬಳಿ ಕರಿಯಾಕತ್ತೀರಿ?"

"ಕೋಡುಬಳೆ. ತಗೊಳ್ಳಿ."

ಒಂದನ್ನು ಬೆರಳಿಗೆ ಸಿಕ್ಕಿಸಿಕೊಂಡು ಕಡಿದರು. "ಚಲೋ ಅದ. ಖಾರ ಎಲ್ಲಿ ಹೋಯ್ತು? ನಿಮ್ಮ ಊರಾಗ ಮೆಣಸಿನಕಾಯಿಗೂ ರಜಾ ಏನು?" ಅಷ್ಟರಲ್ಲಿ ಅವರ ಕಣ್ಣು ಟ್ರಂಕಿನ ಮೇಲೆ ಬಿತ್ತು. ಕೆಳಗಿಳಿದು, ಒಂದು ಗೋಣಿಚೀಲ ಹೊತ್ತು ಮತ್ತೆ ಬಂದರು.

ಚೀಲದ ತುಂಬ ಕಾಮಿಕ್ಸ್. ಕನ್ನಡ, ಹಿಂದಿ, ತೆಲುಗು. ರಾಯಚೂರು, ಗಬ್ಬೂರು, ದೇವದುರ್ಗ, ಜಾಲಹಳ್ಳಿ ದಾರಿಯ ಬಸ್ಸುಗಳಲ್ಲಿ ಪ್ರಯಾಣಿಕರು ಸೀಟಿನ ಮೇಲೆ ಬಿಟ್ಟುಹೋದವು. ಯಾರೂ ಕೇಳಿಕೊಂಡು ಬಂದಿರಲಿಲ್ಲ. ಹಾಗೆ ಸಿಕ್ಕಿದ್ದರಿಂದ ಯಾವ ಕಥೆಯೂ ಪೂರ್ತಿ ಇರಲಿಲ್ಲ. ಒಂದರಲ್ಲಿ ವಿಮಾನ ಚಾಲಕನೊಬ್ಬ ಕಣಿವೆಯ ಮೇಲೆ ಹಗ್ಗ ಹಿಡಿದು ನೇತಾಡುತ್ತಿದ್ದ. ಹಗ್ಗದ ಒಂದೇ ಎಳೆ ಉಳಿದಿತ್ತು. ಪುಸ್ತಕ ಅಲ್ಲಿಗೆ ಮುಗಿದಿತ್ತು.

"ಇಂವ ಸತ್ತ ಅಂತ ತಿಳ್ಕೊಂಡು ಹನ್ನೆರಡು ವರ್ಷ ಆತ್ರಿ" ಎಂದರು.

ಅದರ ಮುಂದಿನ ಭಾಗ ನನ್ನ ಟ್ರಂಕಿನಲ್ಲಿತ್ತು. ತೆಗೆದುಕೊಟ್ಟೆ. ಅವರು ಓದಿದ್ದು ಎರಡೇ ಪುಟ. ಆಮೇಲೆ ಮಾಳಿಗೆಯ ಅಂಚಿಗೆ ಹೋಗಿ ಕೆಳಗೆ ಬಗ್ಗಿ ಕೂಗಿದರು: "ಏ ಜೈನಬಿ! ಬದುಕ್ಯಾನ!"

"ಯಾರು?" ಎಂಬ ಧ್ವನಿ ಗಾಬರಿಯಿಂದ ಮೇಲೆ ಬಂತು.

ಅಂದಿನಿಂದ ಒಪ್ಪಂದವಾಯಿತು. ಕಥೆ ನನ್ನದು, ಮಿರ್ಚಿಯ ಪಾಠ ಅವರದು. ಮೆಣಸಿನಕಾಯಿ ಸೀಳಿ ಒಳಗೆ ಜೀರಿಗೆ, ಉಪ್ಪು, ಹುಣಸೆಹಣ್ಣು ಕುಟ್ಟಿ ತುಂಬಬೇಕು. ನಮ್ಮ ಕಡೆಯ ಹಾಗೆ ತೆಳ್ಳಗೆ ಕಲೆಸಿದ ಹಿಟ್ಟು ನೋಡಿ, "ಇದು ಅಂಗಿ ಅಲ್ರಿ, ಬನಿಯನ್" ಎಂದು ಮೇಲೆ ಇನ್ನೆರಡು ಹಿಡಿ ಕಡಲೆಹಿಟ್ಟು ಸುರಿದರು. ಮುಂದೆ ವರದಿಗೆಂದು ದೇವದುರ್ಗಕ್ಕೆ ಹೋದಾಗ, ನಾನು ಯಾರ ಮನೆಯಲ್ಲಿದ್ದೇನೆ ಎಂದು ತಿಳಿದು ನಿಲ್ದಾಣದ ಮಿರ್ಚಿ ಬಂಡಿಯವರು ಪೊಟ್ಟಣ ಕಟ್ಟಿಕೊಟ್ಟರು. "ಪಾಷಾ ಅವ್ರಿಗೆ ಕೊಡ್ರಿ. ಇದನ್ನ ತಿನ್ನದೇ ಅವ್ರು ಸೀಟಿ ಊದ್ತಿರಲಿಲ್ಲ, ಬಸ್ಸೂ ಹೋಗ್ತಿರಲಿಲ್ಲ." ತಂದುಕೊಟ್ಟೆ. ಮಾಳಿಗೆಯಲ್ಲೇ ನಿಂತು ತಿಂದು ಮುಗಿಸಿದರು. ಕಾಗದವನ್ನು ನನ್ನ ಕಸದ ಬುಟ್ಟಿಗೇ ಹಾಕಿದರು. ಅದನ್ನೂ ನಾನು ಗಮನಿಸಿದೆ, ಪ್ರಶ್ನಿಸಲಿಲ್ಲ.

ಮೂರನೆಯ ತಿಂಗಳು ಜೈನಬಿ ಮೇಲೆ ಬಂದರು. ಕೈಯಲ್ಲಿ, ಗಂಡ ಓದಲು ಒಯ್ದಿದ್ದ ನನ್ನದೊಂದು ಕಾಮಿಕ್ಸ್ ಇತ್ತು. ಒಂದು ಪುಟ ತೆರೆದು ಬಿಸಿಲಿಗೆ ಹಿಡಿದರು. ಹೆಬ್ಬೆರಳಿನ ಅಗಲಕ್ಕೆ ಕಾಗದ ಪಾರದರ್ಶಕವಾಗಿತ್ತು. ಹಿಂದಿನ ಪುಟದ ಕಳ್ಳನ ಮುಖ ಈ ಪುಟದ ನಾಯಕನ ಎದೆಯಲ್ಲಿ ಕಾಣುತ್ತಿತ್ತು.

"ತಮ್ಮಾ, ಇದು ಎಣ್ಣಿ ಹೌದಲ್ಲೋ?"

"ಹೌದು."

"ನೀ ಬರೂಕಿಂತ ಮೊದಲ ಇವ್ರ ಎದಿಗೆ ಸ್ಟಂಟ್ ಹಾಕ್ಯಾರ. ಎಣ್ಣಿ ಮುಟ್ಟಬಾರದು ಅಂತ ಡಾಕ್ಟರ್ ಹೇಳ್ಯಾರ. ಮಾನ್ವಿಯಿಂದ ಮಗಳು ಬಂದು ನನ್ನ ಕೈ ಹಿಡ್ದು ಮಾತು ತಗೊಂಡಾಳ, ಈ ಮನಿ ಒಲಿ ಮ್ಯಾಲ ಕಡಾಯಿ ಏರಬಾರದು ಅಂತ." ಪುಸ್ತಕ ಮುಚ್ಚಿ ಹೇಳಿದರು: "ನೀ ಪೇಪರಿನಾಂವ. ಊರ ಮಂದೀನೆಲ್ಲ ಕೇಳ್ತಿ. ನನ್ನ ಒಂದು ಮಾತು ಕೇಳಲಿಲ್ಲಲ್ಲೋ."

ಅವರು ಬೈಯಲಿಲ್ಲ. ಎರಡೂ ಕಡೆಯವರನ್ನು ವಿಚಾರಿಸದೆ ಒಂದು ಸಾಲೂ ಬರೆಯಬಾರದು ಎಂದು ಹೊಸಬರಿಗೆ ಪಾಠ ಹೇಳುವವನು ನಾನು.

ಬಾಣಲೆ ತೊಳೆದು ಮೇಲಿಟ್ಟೆ. ಗ್ಯಾಸ್ ಮುಗಿದಿದೆ ಎಂದು ಚಾಂದಪಾಷಾ ಅವರಿಗೆ ಸುಳ್ಳು ಹೇಳಿದೆ. ಅವರು ಸಿಲಿಂಡರನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ನೋಡಿದರು. ಅದು ಕದಲಲಿಲ್ಲ. ಕೈಯಲ್ಲಿದ್ದ ಕಥೆ ಓದಿ ಮುಗಿಸಿ ಎದ್ದುಹೋದರು. ಮರುವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಮತ್ತೆ ಮೆಟ್ಟಿಲು ಹತ್ತಿದವರು ಜೈನಬಿಯೇ. "ಎಂಟು ದಿನ ಆತು, ರೊಟ್ಟಿ ಮುರಿದು ತಿನ್ನದೇ ಹಂಗ ಬಿಡ್ತಾರ. ಗ್ವಾಡಿ ಕಡಿ ಮಾರಿ ಮಾಡಿ ಮಲಗ್ತಾರ. ಹಿಂಗಾದ್ರ ಎಣ್ಣಿ ತಿಂದು ಹೋಗೋದಕ್ಕಿಂತ ಮೊದಲ ಹೋಗ್ತಾರ." ಸೆರಗಿನ ಅಡಿಯಿಂದ ಒಂದು ಪೊಟ್ಟಣ ತೆಗೆದರು. ಬೀಜ ತೆಗೆದ ಮೆಣಸಿನಕಾಯಿ, ಒಂದು ಲೋಟ ಕಡಲೆಹಿಟ್ಟು. "ವಾರಕ್ಕ ಒಂದ ದಿನ. ಒಂದ ಮಿರ್ಚಿ. ನನಗ ಗೊತ್ತಿಲ್ಲ."

"ಅಕ್ಕಾ, ಏನಾದರೂ ಆದರೆ?"

"ಅದನ್ನ ನನಗ ಕೇಳಬ್ಯಾಡ" ಎಂದರು. "ನಾ ಮಗಳಿಗೆ ಮಾತು ಕೊಟ್ಟೀನಿ. ನೀ ಯಾರಿಗೂ ಕೊಟ್ಟಿಲ್ಲ."

ಪೊಟ್ಟಣದ ಜೊತೆ ಒಂದು ಬಟ್ಟೆಯ ತುಂಡೂ ಇತ್ತು, ಓದುವ ಮುಂಚೆ ಕೈ ಒರೆಸಿಕೊಳ್ಳಲು. ಮಗಳು ಬಂದಾಗ ಪುಟದ ಮೇಲೆ ಗುರುತು ಕಾಣಬಾರದು. ಆ ಭಾನುವಾರ ಚಾಂದಪಾಷಾ ಒಂದು ಮಿರ್ಚಿಯನ್ನು ಅರ್ಧ ಗಂಟೆ ತಿಂದರು. ಬಟ್ಟೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು. ಖಾಕಿ ಬಟ್ಟೆ. ಅವರದೇ ಕಂಡಕ್ಟರ್ ಅಂಗಿಯ ಜೇಬಿನ ಹೊಲಿಗೆ ಇನ್ನೂ ಅಂಚಿನಲ್ಲಿತ್ತು. ಕೆಳಗೆ ಹೆಂಡತಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು ಪುಟ ತಿರುವಿದರು. ಹೀಗೆ ಮೂವರಿಗೂ ಎಲ್ಲವೂ ಗೊತ್ತಿದ್ದು, ಯಾರಿಗೂ ಏನೂ ಗೊತ್ತಿಲ್ಲದ ವ್ಯವಸ್ಥೆ ಶುರುವಾಯಿತು. ಒಂದು ವರ್ಷ ನಡೆಯಿತು.

ಕಳೆದ ವಾರ ವರ್ಗಾವಣೆಯ ಆದೇಶ ಬಂದಿದೆ. ಚಾಮರಾಜನಗರಕ್ಕೆ, ನಾನೇ ಕೇಳಿದ್ದು. ನಡುವೆ ರಜೆಯ ಮೇಲೆ ಊರಿಗೆ ಹೋದಾಗ, ಬೆಳಗಿನ ಇಡ್ಲಿ ತಟ್ಟೆಯ ಮುಂದೆ ಕುಳಿತು ಏನೋ ಕಡಿಮೆಯಾಗಿದೆ ಎಂದು ಹುಡುಕಿದ್ದೆ. ಅಮ್ಮ, "ಆ ಕಡೆ ಹೋಗಿ ನಾಲಿಗೆ ಕೆಡಿಸ್ಕೊಂಡಿದ್ದೀಯ" ಎಂದಿದ್ದರು. ಆದರೂ ಆದೇಶ ಓದಿದಾಗ ಸಂತೋಷವಾಗಲಿಲ್ಲ ಎಂದರೆ ಅದು ಸುಳ್ಳು ವರದಿಯಾಗುತ್ತದೆ. ಕೆರೆಯ ಏರಿ, ಅಮ್ಮನ ಧ್ವನಿ ಎಲ್ಲ ನೆನಪಾದವು. ಆಮೇಲೆ ಕೆಳಗಿನ ಒಲೆ ನೆನಪಾಯಿತು.

ಭಾನುವಾರ ಮಾಳಿಗೆಯಲ್ಲಿ, ಮಿರ್ಚಿ ಅರ್ಧ ತಿಂದಿದ್ದ ಚಾಂದಪಾಷಾ ಅವರ ಕೈಗೆ ಆದೇಶ ಕೊಟ್ಟೆ. ಟಿಕೆಟ್ ನೋಡುವವರ ಹಾಗೆ ಕಣ್ಣಿಗೆ ಹತ್ತಿರ ಹಿಡಿದು ಓದಿದರು.

"ನಿಮ್ಮ ಸ್ಟಾಪ್ ಬಂತು, ಇಳೀರಿ" ಎಂದರು. ಮಿರ್ಚಿಯ ತಟ್ಟೆಯನ್ನು ಮತ್ತೆ ಅವರ ಕಡೆ ಸರಿಸಿದೆ. ಮೊದಲ ಸಲ "ನಕ್ಕೋ" ಎಂದರು. ಅರ್ಧ ತಿಂದದ್ದನ್ನು ಹಾಗೇ ಬಿಟ್ಟು ಎದ್ದರು.

ಮೆಟ್ಟಿಲ ಬಳಿ ಜೈನಬಿ ನಿಂತಿದ್ದರು. "ಕಡಾಯಿ ಇಟ್ಟು ಹೋಗ್ತೀಯೇನೋ?" ಎಂದರು. ಇಟ್ಟರೆ ಯಾರ ಒಲೆಯ ಮೇಲೆ ಎಂದು ನಾನು ಕೇಳಲಿಲ್ಲ. ಮುಂದೆ ಮೇಲೆ ಬರುವ ಬಾಡಿಗೆಯವರು ಕರಿಯುವವರೋ, ಓದುವವರೋ, ಜೈನಬಿಗೂ ಗೊತ್ತಿಲ್ಲ. ಹೋದರೆ ಒಂದು ಭಯ, ಉಳಿದರೆ ಇನ್ನೊಂದು. ಒಂದು ಮಿರ್ಚಿ ಚಾಂದಪಾಷಾ ಅವರನ್ನು ಉಳಿಸುತ್ತಿದೆಯೋ ಕೊಲ್ಲುತ್ತಿದೆಯೋ, ಇಷ್ಟು ವರ್ಷ ಸುದ್ದಿ ಬರೆದ ನನಗೆ ಖಚಿತಪಡಿಸಿಕೊಳ್ಳಲು ದಾರಿಯಿಲ್ಲ.

ಆದೇಶ ಈಗ ಮೇಜಿನ ಮೇಲಿದೆ. ಅವರು ಅಂದು ಕೈ ಒರೆಸಿಕೊಂಡಿರಲಿಲ್ಲ. ನನ್ನ ಊರಿನ ಹೆಸರಿನ ಮೇಲೆ ಹೆಬ್ಬೆರಳಿನ ಎಣ್ಣೆ ಇಳಿದಿದೆ. ಬೆಳಕಿಗೆ ಹಿಡಿದರೆ ಹೆಸರು ಎರಡೂ ಕಡೆಯಿಂದ ಕಾಣುತ್ತದೆ, ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ತಿರುಗುಮುರುಗಾಗಿ. ಇಂದು ಮತ್ತೆ ಭಾನುವಾರ. ಮೆಟ್ಟಿಲ ಮೇಲೆ ಚಾಂದಪಾಷಾ ಅವರ ಹೆಜ್ಜೆಯ ಸದ್ದು ಕೇಳುತ್ತಿದೆ. ಅದು ನಡುವೆ ಒಮ್ಮೆ ನಿಲ್ಲುತ್ತದೆ, ಉಸಿರು ತೆಗೆದುಕೊಂಡು ಮತ್ತೆ ಮೇಲೇರುತ್ತದೆ. ಮೊದಲು ನಿಲ್ಲುತ್ತಿರಲಿಲ್ಲ.

ನಾನು ಒಲೆ ಹಚ್ಚಿದ್ದೇನೆ.