ಊನವಾದ ರಾಜನಿಗೆ ಸಿಂಹಾಸನವಿಲ್ಲ

ಏಪ್ರಿಲ್ ಹನ್ನೆರಡು, ಶನಿವಾರ, ಭಾವನ ಬಲಗೈಯ ಉಂಗುರದ ಬೆರಳು ಪೂರ್ತಿ, ನಡುಬೆರಳು ಅರ್ಧ ಹೋಯಿತು. ಲಾನ್‌ಮೋವರ್ ಕೆಳಗೆ ಒದ್ದೆ ಹುಲ್ಲು ಕಟ್ಟಿಕೊಂಡಿತ್ತು. ಅದನ್ನು ತೆಗೆಯಲು ಅವರು ಇಂಜಿನ್ ಆರಿಸಿ ಕೈ ಹಾಕಿದ್ದರು, ಅಲಗು ಇನ್ನೂ ನಿಂತಿರಲಿಲ್ಲ. ನಾನು ಸಿಡ್ನಿಯಲ್ಲಿ, ಚಾಟ್ಸ್‌ವುಡ್‌ನ ಬಾಡಿಗೆ ಮನೆಯಲ್ಲಿ ಬಟ್ಟೆ ಒಗೆಯಲು ಹಾಕುತ್ತಿದ್ದಾಗ ಅಕ್ಕನ ಫೋನ್ ಬಂತು. ಮರುದಿನ ಬೆಳಿಗ್ಗೆಯ ವಿಮಾನ ಹಿಡಿದು ಮೆಲ್ಬರ್ನ್‌ಗೆ ಹೋದೆ.

ಭಾವ ವಾರದ ಐದು ದಿನ ಒಂದು ಬ್ಯಾಂಕಿನ ಡೇಟಾಬೇಸ್ ನೋಡಿಕೊಳ್ಳುವವರು. ಉಳಿದೆರಡು ದಿನ, ಮೆಲ್ಬರ್ನ್ ಅಂಚಿನಲ್ಲಿ ಅವರಿರುವ ವೆರಿಬೀ ಸುತ್ತಮುತ್ತಲಿನ ಕನ್ನಡದವರಿಗೆಲ್ಲ ಪುರೋಹಿತರು. ಮೈಸೂರಿನಲ್ಲಿ ತಂದೆಯ ಎದುರು ಕೂತು ಹದಿನಾರರವರೆಗೆ ಮಂತ್ರ ಕಲಿತು, ಆಮೇಲೆ ಇಂಜಿನಿಯರಿಂಗ್ ಮಾಡಿದವರು. "ಸಿಸ್ಟಮ್ ಬಿದ್ರೆ ಬ್ಯಾಂಕ್‌ನೋರು ಕರೀತಾರೆ, ಮನೆ ಎದ್ರೆ ನಮ್ಮೋರು ಕರೀತಾರೆ" ಎಂದು ಅವರೇ ತಮಾಷೆ ಮಾಡುತ್ತಿದ್ದರು. ಆದರೆ ಅವರು ನಿಜವಾಗಿ ಯಾವ ಕೆಲಸದವರು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಶುಕ್ರವಾರ ಸಂಜೆ ಪಂಚೆ ಇಸ್ತ್ರಿ ಮಾಡಲು ನಿಂತರೆಂದರೆ ಮುಖವೇ ಬೇರೆಯಾಗುತ್ತಿತ್ತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವರು ಕೇಳಿದ ಮೊದಲ ಮಾತು: "ಇನ್ನು ಪವಿತ್ರ ಎಲ್ಲಿ ಹಾಕ್ಕೊಳ್ಳೋದು?"

ಪೂಜೆಗೆ ಕೂರುವ ಮುನ್ನ ದರ್ಭೆಯ ಉಂಗುರ ಹಾಕಿಕೊಳ್ಳುವುದು ಬಲಗೈಯ ಆ ಬೆರಳಿಗೇ. ಅಕ್ಕ ಅತ್ತು ಅತ್ತು ಸಾಕಾಗಿದ್ದವಳು, ರೇಗಿದಳು. "ಮೊದ್ಲು ಅನ್ನ ಹೇಗೆ ಕಲಸ್ಕೊಳ್ಳೋದು ಅಂತ ಯೋಚ್ನೆ ಮಾಡಿ. ಪವಿತ್ರ ಅಂತೆ."

ಅಕ್ಕನಿಗೆ ಚೈಲ್ಡ್‌ಕೇರ್ ಕೆಲಸದಲ್ಲಿ ರಜೆ ಸಿಗಲಿಲ್ಲ. ನಾನು ಮ್ಯಾನೇಜರ್ ಹತ್ತಿರ ಕೇಳಿಕೊಂಡು ವೆರಿಬೀಯಿಂದಲೇ ಕೆಲಸ ಮಾಡುತ್ತಾ, ವಾರಕ್ಕೆರಡು ಸಲ ಭಾವನನ್ನು ಹ್ಯಾಂಡ್ ಥೆರಪಿಗೆ ಕರೆದುಕೊಂಡು ಹೋಗುವವನಾದೆ. ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಡೈರಿಯಲ್ಲಿ ಎರಡು ಕಾಲಂ ಹಾಕಿದೆ. ಎಡಗಡೆ, ಉಳಿದ ಬೆರಳುಗಳು ಆ ದಿನ ಎಷ್ಟು ಡಿಗ್ರಿ ಬಾಗಿದವು. ಬಲಗಡೆ, ಆ ದಿನದ ಕಥೆ.

ಕಥೆ ಹೇಳುತ್ತಿದ್ದವರು ಥೆರಪಿಸ್ಟ್. ಐವತ್ತರ ಆಸುಪಾಸಿನ ಐರಿಷ್ ಹೆಂಗಸು. ಕೈಗೆ ಆಸರೆಪಟ್ಟಿ ಮಾಡಲು ಬಿಸಿನೀರಿನಲ್ಲಿ ಅದ್ದಿದ ಪ್ಲಾಸ್ಟಿಕ್ ಹಾಳೆ ಮೆತ್ತಗಾದ ಮೇಲೆ ಅದನ್ನು ಭಾವನ ಅಂಗೈ ಮೇಲೆ ಒತ್ತಿ, ಗಟ್ಟಿಯಾಗುವವರೆಗೆ ಹಿಡಿದುಕೊಳ್ಳಬೇಕಿತ್ತು. ಆ ಹೊತ್ತಿನಲ್ಲಿ ನೋವು ಮರೆಸಲು ಏನಾದರೂ ಮಾತಾಡುತ್ತಿದ್ದರು. ವಾರಾಂತ್ಯದಲ್ಲಿ ಪೌರೋಹಿತ್ಯ ಮಾಡುತ್ತೇನೆ ಎಂದು ಭಾವ ಹೇಳಿದಾಗ ಆಕೆಯ ಕಣ್ಣರಳಿತು. "ಹಾಗಾದರೆ ನೀವು ಡ್ರೂಯಿಡ್!" ಎಂದರು. ಅವರ ಮಾತೆಲ್ಲ ಇಂಗ್ಲಿಷ್. ನಾನು ಬರೆದುಕೊಂಡದ್ದು ಕನ್ನಡದಲ್ಲಿ. ಅವರು ಹೇಳಿದ ಹೆಸರುಗಳನ್ನು ಮಾತ್ರ ಬರೆಯಲಿಲ್ಲ. ಆ ಹೆಸರುಗಳ ಸ್ಪೆಲಿಂಗ್ ಒಂದು ದಾರಿ ಹಿಡಿದರೆ ಉಚ್ಚಾರಣೆ ಇನ್ನೊಂದು ದಾರಿ ಹಿಡಿಯುತ್ತಿತ್ತು.

ಡ್ರೂಯಿಡ್ ಎಂದರೆ ಹಳೆಯ ಐರ್ಲೆಂಡಿನಲ್ಲಿ ಪುರೋಹಿತ, ಜೋಯಿಸ, ನ್ಯಾಯಾಧೀಶ ಎಲ್ಲವೂ. ಅವನಿಗಿಂತ ಮೊದಲು ರಾಜ ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ. ಕಲಿಯಲು ಇಪ್ಪತ್ತು ವರ್ಷವಾದರೂ ಆಗಬಹುದು, ಆದರೆ ಒಂದಕ್ಷರವನ್ನೂ ಬರೆದಿಡಬಾರದು.

"ನಮ್ಮಪ್ಪನೂ ಹಾಗೇ," ಎಂದರು ಭಾವ. "ಪುಸ್ತಕ ನೋಡ್ಕೊಂಡು ಹೇಳಿದ್ರೆ ಎದ್ದು ಹೋಗಿಬಿಡೋರು." ಆಮೇಲೆ ನನ್ನ ಕಡೆ ತಿರುಗಿ, "ನೋಡಯ್ಯ, ನೀನು ಡ್ರೂಯಿಡ್ ಆಗೋಕೆ ನಾಲಾಯಕ್. ಬರೀ ಗೀಚೋದೇ ಆಯ್ತು."

ಅಪಘಾತವಾದ ಮೇಲೆ ಅವರು ನನ್ನನ್ನು ರೇಗಿಸಿದ್ದು ಅದೇ ಮೊದಲು. ಅವತ್ತಿನ ಎರಡೂ ಕಾಲಂ ಚೆನ್ನಾಗಿದ್ದವು.

ಒಂದು ದಿನ ದೊಡ್ಡ ಹೊಟ್ಟೆಯ ದೇವರ ಕಥೆ. ಅವನ ಗದೆಯ ಒಂದು ತುದಿ ತಾಗಿದರೆ ಸಾವು, ಇನ್ನೊಂದು ತುದಿ ತಾಗಿದರೆ ಸತ್ತವರಿಗೆ ಜೀವ. ಅವನ ಹಂಡೆಯಿಂದ ಯಾರೂ ಹಸಿದು ಎದ್ದು ಹೋಗುವುದಿಲ್ಲ. ಇನ್ನೊಂದು ದಿನ, ಅರಮನೆಯ ಬಾಗಿಲಿಗೆ ಬಂದ ತರುಣ ದೇವರ ಕಥೆ. ಬಾಗಿಲು ಕಾಯುವವನು ಯಾವ ವಿದ್ಯೆ ಬರುತ್ತದೆ ಎಂದು ಕೇಳುತ್ತಾನೆ. ಬಡಗಿ ಎಂದರೆ, ಒಬ್ಬ ಇದ್ದಾನೆ ಎನ್ನುತ್ತಾನೆ. ಕಮ್ಮಾರ ಎಂದರೂ ಇದ್ದಾನೆ. ವೈದ್ಯ, ಕವಿ, ವೀಣೆ ನುಡಿಸುವವನು, ಎಲ್ಲರೂ ಇದ್ದಾರೆ. ಕೊನೆಗೆ ಆ ತರುಣ, ಇವೆಲ್ಲವೂ ಒಟ್ಟಿಗೆ ಬರುವವನು ಒಬ್ಬನಾದರೂ ಇದ್ದಾನೆಯೇ ಎಂದು ಕೇಳಿ ಒಳಗೆ ಹೋದನಂತೆ.

"ಇಲ್ಲಿ ನೆಲೆಸೋಕೆ ಕೊಡೋ ಪಿಆರ್ ಪಾಯಿಂಟ್ಸ್ ಸಿಸ್ಟಮ್ಮು ಅಲ್ಲಿಂದ್ಲೇ ಬಂದಿರೋದು," ಎಂದರು ಭಾವ. ಮೂವರೂ ನಕ್ಕೆವು.

ಐದನೆಯ ಭೇಟಿಯಲ್ಲಿ ಆಕೆ ಕೈ ಕಳೆದುಕೊಂಡ ರಾಜನ ಕಥೆ ಹೇಳಿದರು. ಒಳ್ಳೆಯದಾಗಲಿ ಎಂದೇ ಹೇಳಿದ್ದು. ದೇವತೆಗಳ ಕುಲ ಹಡಗಿನಲ್ಲಿ ಬಂದು ಐರ್ಲೆಂಡಿಗಾಗಿ ಯುದ್ಧ ಮಾಡಿತು. ಗೆದ್ದಿತು. ಆದರೆ ಅವರ ರಾಜನ ಬಲಗೈ ಆ ಯುದ್ಧದಲ್ಲಿ ಕತ್ತರಿಸಿಹೋಯಿತು. ದೇಹದಲ್ಲಿ ಊನವಿರುವವನು ಆಳುವಂತಿಲ್ಲ ಎಂಬುದು ಅವರ ಕಟ್ಟಳೆ. ರಾಜ ಕೆಳಗಿಳಿದ. ಆಮೇಲೆ ದೇವವೈದ್ಯ ಅವನಿಗೆ ಬೆಳ್ಳಿಯ ಕೈ ಮಾಡಿಕೊಟ್ಟ, ಒಂದೊಂದು ಬೆರಳೂ ಬಾಗುವಂಥದ್ದು. "ನಮ್ಮ ಕಸುಬಿನ ಮೂಲಪುರುಷ ಅವನೇ," ಎಂದು ಹೇಳಿ ಆಕೆ ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಮಾಡಿದರು.

ಭಾವ ನಗಲಿಲ್ಲ. ಕಾರು ಫ್ರೀವೇಗೆ ಇಳಿದ ಮೇಲೆ, "ಆ ತಾತನ ಕೈ ನೆನಪಾಯ್ತು ಕಣೋ" ಎಂದರು.

ಯಾವ ತಾತ ಎಂದು ನಾನು ಕೇಳಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಸತ್ಯನಾರಾಯಣ ಪೂಜೆಗೆ ನಾನೂ ಅವರ ಜೊತೆ ಹೋಗಿದ್ದೆ. ಊರಿಂದ ಮಗನ ಮನೆಗೆ ಬಂದಿದ್ದ ವೃದ್ಧರೊಬ್ಬರು ರೇಷ್ಮೆ ಪಂಚೆಯುಟ್ಟು ಮಣೆಯ ಮೇಲೆ ಬಂದು ಕೂತರು. ಲಕ್ವ ಹೊಡೆದು ಅವರ ಬಲಗೈ ಮುದುರಿತ್ತು. ಭಾವ ಬಹಳ ಮರ್ಯಾದೆಯಿಂದಲೇ, "ತಾವು ಆಶೀರ್ವಾದ ಮಾಡಿ ಸಾಕು, ಸಂಕಲ್ಪಕ್ಕೆ ಮಗ ಕೂರಲಿ" ಎಂದಿದ್ದರು. ಆ ತಾತ ಕೈಯನ್ನು ಶಲ್ಯದೊಳಗೆ ಸೇರಿಸಿಕೊಂಡು ಎದ್ದು ಹೋದರು.

"ಶಾಸ್ತ್ರದಲ್ಲಿ ಹಾಗಿದೆ, ನಾನೇನೂ ತಪ್ಪು ಹೇಳ್ಲಿಲ್ಲ," ಎಂದರು ಭಾವ.

"ಭಾವ, ಈಗ ಅದನ್ನೆಲ್ಲ ಯಾರು ನೋಡ್ತಾರೆ? ನೀವು ಮತ್ತೆ ಶುರು ಮಾಡಿ. ಯಾರೂ ಏನೂ ಅನ್ನಲ್ಲ."

"ಅವರು ಅನ್ನಲ್ಲ. ನಾನು ಅಂದಾಗಿದೆಯಲ್ಲ, ಆ ಮನುಷ್ಯನಿಗೆ."

ಅವರು ಮತ್ತೆ ಪೂಜೆಗೆ ಕೂರುತ್ತಾರೋ ಇಲ್ಲವೋ ಎಂಬುದೊಂದೇ ಆ ಚಳಿಗಾಲವಿಡೀ ನಮ್ಮ ಮನೆಯ ಪ್ರಶ್ನೆಯಾಗಿತ್ತು. ಅಕ್ಕ ಅಡುಗೆಮನೆಯಲ್ಲಿ ನನ್ನ ಹತ್ತಿರ ಮೆಲ್ಲಗೆ, "ಬ್ಯಾಂಕ್ ಕೆಲಸ ಬಿಟ್ರೂ ಬದುಕ್ತಾರೆ ಕಣೋ ಇವರು. ಇದು ಬಿಟ್ರೆ ಏನಾಗ್ತಾರೋ ನಂಗೊತ್ತಿಲ್ಲ" ಎಂದಿದ್ದಳು.

ಮೇ ಕೊನೆಗೆ ನಾನು ಸಿಡ್ನಿಗೆ ಮರಳಿದೆ. ನನ್ನ ಆಫೀಸಿರುವ ಮ್ಯಾಕ್ವೆರಿ ಪಾರ್ಕ್‌ಗೆ ಹೋಗುವ ಮೆಟ್ರೊದಲ್ಲಿ ಆ ರಾಜನ ಕಥೆಯ ಉಳಿದ ಭಾಗವನ್ನು ಹುಡುಕಿ ಓದಿದೆ. ಓದಬಾರದಿತ್ತು ಎನ್ನಿಸಿತು. ಬೆಳ್ಳಿಯ ಕೈ ಬಂದರೂ ಊನ ಊನವೇ. ಸಿಂಹಾಸನದಲ್ಲಿ ಅಷ್ಟು ದಿನವೂ ಬೇರೊಬ್ಬ ಕೂತಿದ್ದ. ನೋಡಲು ಬಹಳ ಚೆಲುವ, ಕೊಡಲು ಬಹಳ ಜಿಪುಣ. ಕೊನೆಗೆ ಆ ವೈದ್ಯನ ಮಗ, ತಂದೆಗಿಂತ ದೊಡ್ಡ ವೈದ್ಯ, ಮಂತ್ರ ಹೇಳಿ ಕತ್ತರಿಸಿಹೋದ ಕೈಯನ್ನೇ ನರಕ್ಕೆ ನರ ಸೇರಿಸಿ ಕೂಡಿಸಿದ. ಆಗಷ್ಟೇ ರಾಜನಿಗೆ ರಾಜ್ಯ. ತಂದೆಗೆ ಹೊಟ್ಟೆಕಿಚ್ಚು ತಡೆಯಲಿಲ್ಲ. ಮಗನ ತಲೆಗೆ ಕತ್ತಿ ಬೀಸಿದ. ಮೂರು ಸಲದ ಗಾಯವನ್ನು ಮಗ ತಾನೇ ವಾಸಿಮಾಡಿಕೊಂಡ, ನಾಲ್ಕನೆಯದು ಮಿದುಳಿಗೆ ತಾಗಿತು. ಅವನ ಸಮಾಧಿಯ ಮೇಲೆ ಮುನ್ನೂರ ಅರವತ್ತೈದು ಮೂಲಿಕೆ ಹುಟ್ಟಿದವು, ದೇಹದ ಒಂದೊಂದು ಕೀಲಿಗೂ ನರಕ್ಕೂ ಒಂದೊಂದು. ತಂಗಿ ಅವನ್ನು ತನ್ನ ಮೇಲುಹೊದಿಕೆಯ ಮೇಲೆ ವಿಂಗಡಿಸಿ ಇಟ್ಟಳು. ತಂದೆ ಬಂದು ಹೊದಿಕೆ ಕೊಡವಿ ಎಲ್ಲವನ್ನೂ ಕಲಸಿಬಿಟ್ಟ. ಯಾವ ಮೂಲಿಕೆ ಯಾವುದಕ್ಕೆ ಎಂದು ಅವತ್ತಿನಿಂದ ಯಾರಿಗೂ ತಿಳಿಯದು. ಎಲ್ಲವನ್ನೂ ಕಾಲಂ ಹಾಕಿ ಬರೆದಿಡುವ ನನಗೆ, ಕೊಲೆಗಿಂತಲೂ ಆ ಹೊದಿಕೆ ಕೊಡವಿದ್ದು ಹೆಚ್ಚು ಕಾಡಿತು.

ಇದನ್ನು ಭಾವನಿಗೆ ಹೇಳಲಿಲ್ಲ. ಜುಲೈನಲ್ಲಿ ಕೊನೆಯ ಭೇಟಿಗೆ ರಜೆ ಹಾಕಿ ಹೋದಾಗ ಅವರೇ ಥೆರಪಿಸ್ಟನ್ನು ಕೇಳಿದರು: "ಬೆಳ್ಳಿ ಕೈ ಬಂದ ಮೇಲೆ ಆತ ಮತ್ತೆ ರಾಜನಾದನಾ?"

ಆಕೆ ಅಳತೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಇಲ್ಲ. ರಕ್ತಮಾಂಸದ ಕೈಯೇ ಬರಬೇಕಾಯಿತು."

ಭಾವ ತಲೆಯಾಡಿಸಿದರು, ವಿದ್ಯಾರ್ಥಿ ಸರಿಯಾದ ಉತ್ತರ ಹೇಳಿದಾಗ ಮೇಷ್ಟ್ರು ತಲೆಯಾಡಿಸುವಂತೆ.

ಆಗಸ್ಟ್ ಮೂವತ್ತು, ಶನಿವಾರ, ಕನ್ನಡ ಸಂಘದ ಗಣೇಶನ ಹಬ್ಬ. ಹಬ್ಬ ಬುಧವಾರವೇ ಬಂದಿತ್ತು. ಇಲ್ಲಿ ಎಲ್ಲ ದೇವರೂ ಶನಿವಾರದವರೆಗೆ ಕಾಯಬೇಕು. ಸಂಘದ ಹಿರಿಯ ಅಂಕಲ್ ಒಬ್ಬರು ಮೊದಲೇ ಮನೆಗೆ ಬಂದು ಭಾವನನ್ನು ಕರೆದಿದ್ದರು. ಭಾವ ಆಗುವುದಿಲ್ಲ ಎಂದಿದ್ದರು. "ಹೋಗಲಿ, ಸುಮ್ನೆ ಬಂದು ಕೂತ್ಕೊಳ್ಳಿ ಶಾಸ್ತ್ರಿಗಳೇ. ನಿಮ್ಗೆ ಒಂದು ಸರ್‌ಪ್ರೈಸ್ ಇದೆ" ಎಂದು ಹೇಳಿ ಹೋಗಿದ್ದರು. ನಾನು ಸಿಡ್ನಿಯಿಂದ ಬಂದೆ. ಅಕ್ಕ, ನಾನು, ಭಾವ ಮೂವರೂ ಹೋದೆವು.

ಹಾಲ್‌ನಲ್ಲಿ ಗಣಪತಿಯ ಪಕ್ಕ, ಭಾವ ಪ್ರತಿವರ್ಷ ಕೂರುತ್ತಿದ್ದ ಮಣೆಯಿತ್ತು. ಅದರ ಮೇಲೆ ಒಂದು ಬ್ಲೂಟೂತ್ ಸ್ಪೀಕರ್. ಅದಕ್ಕೆ ಶಲ್ಯ ಹೊದಿಸಿ, ಯಾರೋ ಕುಂಕುಮವನ್ನೂ ಇಟ್ಟಿದ್ದರು.

ಅಂಕಲ್ ಮೈಕ್ ಹಿಡಿದು ಹೇಳಿದರು: "ನಮ್ಮ ಶಾಸ್ತ್ರಿಗಳಿಗೆ ಕೈಗಾಗಿದ್ರೆ ಏನಂತೆ, ಕಂಠಕ್ಕೆ ಏನೂ ಆಗಿಲ್ಲ! ಹೋದ ವರ್ಷದ ಪೂಜೆ ಪೂರ್ತಿ ನನ್ನ ಅಳಿಯ ರೆಕಾರ್ಡ್ ಮಾಡಿದ್ದ. ಈ ವರ್ಷವೂ ಅವರ ವಾಯ್ಸಲ್ಲೇ ಪೂಜೆ!" ಜನ ಚಪ್ಪಾಳೆ ಹೊಡೆದರು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಎರಡನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಭಾವ ಬಲಗೈಯನ್ನು ಜಾಕೆಟ್ ಜೇಬಿನಲ್ಲಿಟ್ಟುಕೊಂಡು ಕೂತಿದ್ದರು.

ಧ್ವನಿ ಶುರುವಾಯಿತು. ತುಂಬು ಕಂಠ, ಅವಸರವಿಲ್ಲದ್ದು. ಈ ವರ್ಷ ಪೂಜೆಗೆ ಕೂತಿದ್ದ ಅಳಿಯ ಮತ್ತು ಅವನ ಹೆಂಡತಿ ಅದು ಹೇಳಿದಂತೆ ನೀರು ಬಿಟ್ಟರು. ನಡುವೆ ಒಮ್ಮೆ ಆ ಧ್ವನಿ, "ಪುಟ್ಟಾ, ಅಲ್ಲಿ ಬಾಳೆಹಣ್ಣು ಮುಟ್ಬೇಡಪ್ಪ" ಎಂದಿತು. ಹೋದ ವರ್ಷದ ಯಾವುದೋ ಮಗುವಿಗೆ ಹೇಳಿದ್ದು. ಎಲ್ಲರೂ ಗೊಳ್ಳೆಂದರು. ಆಮೇಲೆ ಸಂಕಲ್ಪ ಬಂತು. ಇಂಥ ವರ್ಷ, ಇಂಥ ತಿಥಿ, ಇಂಥ ಊರಿನಲ್ಲಿ ನಾನು ಈ ಪೂಜೆ ಮಾಡುತ್ತಿದ್ದೇನೆ ಎಂದು ದೇವರಿಗೆ ತಿಳಿಸುವ ಭಾಗ ಅದು. "ಕ್ರೋಧಿ ನಾಮ ಸಂವತ್ಸರೇ..." ಎಂದಿತು ಧ್ವನಿ. ನನಗೂ ಗೊತ್ತಾಯಿತು, ಅದು ಮುಗಿದುಹೋದ ವರ್ಷ. ತಿಥಿ ಚೌತಿ ಎಂದಿತು. ಗೋತ್ರ, ಹೆಸರುಗಳೂ ಹೋದ ವರ್ಷ ಕೂತಿದ್ದ ಬೇರೆ ದಂಪತಿಯದ್ದು. ನೂರಾರು ಜನ ಕೈಮುಗಿದು ಕಣ್ಣು ಮುಚ್ಚಿದ್ದರು.

ಭಾವ ಎದ್ದು ನಿಂತರು. "ನಿಲ್ಸಿ."

ಅಳಿಯ ಗಾಬರಿಯಿಂದ ಫೋನ್ ಒತ್ತಿದ.

"ಹೋದ ವರ್ಷದ ಸಂಕಲ್ಪ ಇದು. ದೇವ್ರಿಗೆ ಅಡ್ರೆಸ್ಸೇ ತಪ್ಪು ಕೊಡ್ತಿದ್ದೀರ." ನಿಂತಲ್ಲಿಂದಲೇ ಹೇಳಲು ತೊಡಗಿದರು. ವಿಶ್ವಾವಸು ಸಂವತ್ಸರ, ಭಾದ್ರಪದ, ಶುಕ್ಲಪಕ್ಷ, ಸಪ್ತಮಿ. ಅಳಿಯನ ಗೋತ್ರ ಕೇಳಿ ಸೇರಿಸಿಕೊಂಡರು. ಮೈಕ್ ಇರಲಿಲ್ಲ, ಆದರೂ ಹಾಲ್‌ನ ಕೊನೆಯ ಸಾಲಿಗೂ ಕೇಳಿಸಿತು.

ಮುಗಿದ ಮೇಲೆ ಅಂಕಲ್ ಓಡಿಬಂದು ಅವರ ಎಡಗೈ ಹಿಡಿದರು. "ಬನ್ನಿ ಶಾಸ್ತ್ರಿಗಳೇ, ಸ್ಪೀಕರ್ ತೆಗೀತೀವಿ. ನಿಮ್ಮ ಜಾಗ ಇದು. ಪವಿತ್ರ ಪಕ್ಕದ ಬೆರಳಿಗೆ ಹಾಕ್ಕೊಳ್ಳಿ, ಅಡ್ಜಸ್ಟ್ ಆಗತ್ತೆ."

ಭಾವ ಮಣೆಯನ್ನು ನೋಡುತ್ತಾ ನಿಂತರು.

"ಬೇಡ ಅಂಕಲ್. ಕಲಶ ಪೂಜೆಯಿಂದ ಹಾಕಿ," ಎಂದು ಹೇಳಿ ಅವರು ಕುರ್ಚಿಗೆ ಮರಳಿದರು. ಧ್ವನಿ ಮುಂದುವರಿಯಿತು.

ಮರುವಾರದಿಂದ ಅವರು ಕೇಳಿದವರಿಗೆಲ್ಲ ರೆಕಾರ್ಡ್ ಮಾಡಿಕೊಡಲು ಶುರುಮಾಡಿದರು. ಗ್ಯಾರೇಜಿನಲ್ಲಿ ಕಾರಿನ ಗಾಜು ಏರಿಸಿ ಒಳಗೆ ಕೂತು ಹೇಳುತ್ತಾರೆ, ಹೊರಗಿನ ಸದ್ದು ಬರಬಾರದೆಂದು. ಸಂಕಲ್ಪದ ಜಾಗದಲ್ಲಿ ಮಾತ್ರ ಮೌನ ಬಿಡುತ್ತಾರೆ. ಅದನ್ನು ಅವರವರೇ ಕಲಿತು ಹೇಳಬೇಕು. ಆ ಫೈಲುಗಳನ್ನು ಕತ್ತರಿಸಿ ಜೋಡಿಸುವ ಕೆಲಸ ನನ್ನದು. ಈವರೆಗೆ ಒಂಬತ್ತು ಪೂಜೆ ಆಗಿವೆ. ಗೃಹಪ್ರವೇಶ, ನಾಮಕರಣ, ಆಯುಧಪೂಜೆ. ಬನ್ನಿ ಎಂದು ಜನ ಈಗಲೂ ಕರೆಯುತ್ತಾರೆ. ಅವರು ಹೋಗುವುದಿಲ್ಲ. ಶುಕ್ರವಾರ ಸಂಜೆ ಇಸ್ತ್ರಿಪೆಟ್ಟಿಗೆ ಹೊರಗೆ ಬರುವುದಿಲ್ಲ.

ಹೋದ ತಿಂಗಳು ವೆರಿಬೀಗೆ ಹೋದಾಗ, ಬೆಳಿಗ್ಗೆ ಅಕ್ಕ ದೇವರ ಮುಂದೆ ದೀಪ ಹಚ್ಚಿ ಫೋನಿನಲ್ಲಿ ಭಾವನ ಧ್ವನಿ ಹಾಕಿಕೊಂಡು ಕೂತಿದ್ದಳು. ಭಾವ ಪಕ್ಕದ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದವರು ಬಾಗಿಲಿಗೆ ಬಂದು ನಿಂತರು.

"ಇಷ್ಟು ಜೋರಾಗಿ ಯಾಕೆ? ಮನೇಲೇ ಇದೀನಲ್ಲ."

ಅಕ್ಕ ಫೋನ್ ನಿಲ್ಲಿಸಿದಳು. ಅವರ ಕಡೆ ತಿರುಗದೆ, "ಹಾಗಾದ್ರೆ ಬಂದು ಕೂತ್ಕೊಂಡು ನೀವೇ ಹೇಳಿ" ಎಂದಳು.

ಅವಳು ಸ್ವಲ್ಪ ಸರಿದು ಜಾಗ ಮಾಡಿದಳು. ಭಾವ ಲೋಟ ಹಿಡಿದುಕೊಂಡು ಹೊಸಿಲಲ್ಲೇ ನಿಂತಿದ್ದರು. ದೀಪದ ಬತ್ತಿ ಚಿಟಪಟಗುಟ್ಟಿತು. ಆಮೇಲೆ ಅವರು ಪಕ್ಕದ ಕೋಣೆಗೇ ಮರಳಿದರು, ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಅಕ್ಕ ಧ್ವನಿಯನ್ನು ಸ್ವಲ್ಪ ಕಡಿಮೆ ಮಾಡಿ ಮತ್ತೆ ಹಾಕಿದಳು.