ನೊರೆ ಮೇಸ್ತ್ರಿಯ ಮಗಳ ಒಲೆ

ಗ್ಯಾಸ್ ಒಲೆ ರಿಪೇರಿ ಮಾಡುವ ಈ ಮನುಷ್ಯನನ್ನು ಬೀದಿಯವರೆಲ್ಲ ಕರೆಯುವುದು ನೊರೆ ಮೇಸ್ತ್ರಿ ಎಂದೇ. ಯಾವ ಮನೆಗೆ ಹೋದರೂ ಮೊದಲು ಒಂದು ಬಟ್ಟಲು ನೀರು, ಒಂದು ಚೂರು ಸೋಪು ಕೇಳುತ್ತಾನೆ. ನೊರೆ ಎಬ್ಬಿಸಿ, ಗಡ್ಡಕ್ಕೆ ಹಚ್ಚುವ ಹಳೇ ಬ್ರಷ್ಷಿನಿಂದ ಗ್ಯಾಸ್ ಪೈಪಿನ ಸಂದುಸಂದಿಗೂ ಬಳಿದು, ಇಲಿಬಿಲದ ಮುಂದಿನ ಬೆಕ್ಕಿನ ಹಾಗೆ ಕಾದು ಕೂರುತ್ತಾನೆ. ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದರ್ಥ. ಏಳದಿದ್ದರೆ ಅವನಿಗೆ ಇನ್ನೂ ಅನುಮಾನ. ಮತ್ತೊಂದು ಸಲ ಬಳಿಯುತ್ತಾನೆ.

"ಹೊಸದು ಮೇಸ್ತ್ರಿ, ನಿನ್ನೆ ತಾನೇ ತಂದಿದ್ದು" ಎಂದು ಯಾರಾದರೂ ಹೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತದೆ. "ಹೊಸದು ಅಂದ್ರೆ ಇನ್ನೂ ಯಾರನ್ನೂ ಸುಟ್ಟಿಲ್ಲ ಅಂತ, ಅಷ್ಟೇ."

ಈ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಮೀಸೆ ಚಿಗುರಿದ ಕಾಲದಲ್ಲಿ ಒಂದೇ ಒಂದು ಮನೆಯಲ್ಲಿ, ಅವಸರಕ್ಕೆ, ನೊರೆ ಹಚ್ಚದೆ ಎದ್ದು ಬಂದಿದ್ದ. ಇನ್ನೂ ಮೆಟ್ಟಿಲು ಇಳಿದಿರಲಿಲ್ಲ, ಒಳಗೆ ಭಗ್ಗೆಂದಿತು. ಆ ಮನೆಯಾಕೆಯ ಎರಡೂ ಹುಬ್ಬು ಸುಟ್ಟುಹೋದವು. ಪುಣ್ಯಕ್ಕೆ ಕಣ್ಣು ಉಳಿಯಿತು. ಆಕೆ ಬೈಯಲೂ ಇಲ್ಲ. ಹುಬ್ಬಿಲ್ಲದ ಮುಖದಲ್ಲಿ ಇವನನ್ನೇ ಸುಮ್ಮನೆ ನೋಡಿದಳು. ಅಂದಿನಿಂದ ಅವನು ಒಲೆ ಮಾಡಿದವನನ್ನು ನಂಬುವುದಿಲ್ಲ, ಮಾರಿದವನನ್ನು ನಂಬುವುದಿಲ್ಲ. ಪೈಪು ಕೂಡುವ ಜಾಗದಲ್ಲಿ ಗ್ಯಾಸ್ ತಡೆಯುವ ರಬ್ಬರ್ ರಿಂಗನ್ನು ಕೂಡ ಕಿತ್ತು, ಹಲ್ಲಿನಲ್ಲಿ ಕಚ್ಚಿ ನೋಡುತ್ತಾನೆ. ಉರುಳಿಹೋಗದಿರಲೆಂದು ಜೇಬಿನ ಸ್ಕ್ರೂಡ್ರೈವರಿಗೆ ಏರಿಸಿ ಇಟ್ಟುಕೊಳ್ಳುತ್ತಾನೆ. ಇಷ್ಟು ವರ್ಷದಲ್ಲಿ ಒಂದು ರಿಂಗೂ ಕಳೆದಿಲ್ಲ ಎಂಬುದು ಅವನ ಜಂಬ.

ಇಂಥವನ ಮಗಳು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಜೊತೆಯ ಮೂವರು ಹುಡುಗಿಯರನ್ನು ಕಟ್ಟಿಕೊಂಡು ನಾಲ್ಕು ದಿನ ಬೆಟ್ಟ ಸುತ್ತಲು ಹೊರಟಳು. ಒಬ್ಬಳದು ಡೇರೆ, ಒಬ್ಬಳದು ಅಡುಗೆ ಸಾಮಾನು, ಒಬ್ಬಳದು ಕಾರು. ಒಲೆ ಇವಳ ಪಾಲಿಗೆ ಬಂದಿತ್ತು.

"ಬೆನ್ನ ಮೇಲೆ ಹೊತ್ಕೊಂಡು ಹೋಗೋ ಒಲೆನಾ?" ಎಂದ ಮೇಸ್ತ್ರಿ. "ಅಂಗೈಯಷ್ಟಿರುತ್ತಂತಲ್ಲ. ನಾನು ನೋಡದೆ ಅದು ಈ ಮನೆ ಬಾಗಿಲು ದಾಟಲ್ಲ. ನೀನೂ ದಾಟಲ್ಲ."

"ನೀನು ನೋಡಿದ್ರೆ ಯಾವ ಒಲೆ ತಾನೇ ಪಾಸಾಗುತ್ತಪ್ಪ? ಹಾಗಾದ್ರೆ ನಾನು ಹೋದ ಹಾಗೇ ಇದೆ."

"ಸುಮ್ನೆ ಅಪ್ಪನ್ನೂ ಅಂಗಡಿಗೆ ಕರ್ಕೊಂಡು ಹೋಗೇ," ಎಂದಳು ಹೆಂಡತಿ ಒಳಗಿನಿಂದ. "ನನ್ನ ನೋಡೋಕೆ ಬಂದ ದಿನ ಸೋಪು ಸಿಕ್ಕಿದ್ರೆ ನನಗೂ ಬಳಿದು ನೋಡ್ತಿದ್ರು."

ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿಯಾಕೆಗೆ ಐವತ್ತರ ಆಸುಪಾಸು. ಮಂಡಿಗೆ ಪಟ್ಟಿ ಕಟ್ಟಿಕೊಂಡು, ಡೇರೆ ಹಗ್ಗಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದಳು. ಎರಡು ಒಲೆ ತೆಗೆದಿಟ್ಟಳು. ಒಂದು, ಗ್ಯಾಸ್ ಡಬ್ಬಿಯ ನೆತ್ತಿಗೇ ತಿರುಗಿಸಿ ಕೂರಿಸುವಂಥದ್ದು, ಮಡಚಿದರೆ ಮುಷ್ಟಿಯೊಳಗೆ ಮಾಯ. ಇನ್ನೊಂದಕ್ಕೆ ತನ್ನದೇ ಕಾಲುಗಳು; ಡಬ್ಬಿ ಪಕ್ಕದಲ್ಲಿ, ನಡುವೆ ಸಣ್ಣ ಪೈಪು.

ಮಗಳ ಕೈ ಚಿಕ್ಕದಕ್ಕೇ ಹೋಯಿತು. "ಎಷ್ಟು ಹಗುರ ನೋಡಪ್ಪ."

"ಅದೇ ನನಗೆ ಅನುಮಾನ. ತೂಕ ಇಳಿಸಿದೋನು ಏನನ್ನೋ ಕದ್ದಿರ್ತಾನೆ. ಏನು ಕದ್ದ ಅಂತ ಕೇಳು."

ಅಂಗಡಿಯಾಕೆ ಮುಖ ಸಿಂಡರಿಸಲಿಲ್ಲ. "ಕಾಲು ಕದ್ದಿದಾರೆ ಯಜಮಾನ್ರೇ. ಒಬ್ಬರು ಒಂದು ಲೋಟ ನೀರು ಕಾಯಿಸ್ಕೊಳ್ಳೋಕೆ ಇದು ಸಾಕು. ಅಗಲ ಪಾತ್ರೆ ಇಟ್ರೆ ವಾಲುತ್ತೆ."

ಮೇಸ್ತ್ರಿ ಮಗಳ ಕಡೆ ತಿರುಗಿದ. "ನಿಮ್ಮ ನಾಲ್ವರ ಪಾತ್ರೆ ಎಷ್ಟಗಲ?" ಅವಳು ಎರಡು ಕೈ ಅಗಲಿಸಿ ತೋರಿಸಿದಳು, ತೋರಿಸುತ್ತಲೇ ಅವಳಿಗೂ ಅರ್ಥವಾಯಿತು.

"ಪೈಪಿನದೇ ತಗೋ," ಎಂದ. "ಪೈಪು ನನಗೆ ಗೊತ್ತಿರೋ ಕಳ್ಳ. ಎಲ್ಲಿ ಸೋರ್ತಾನೆ ಅಂತ ಗೊತ್ತು."

"ಗಾಳಿಗೆ ಮರೆ ಕಟ್ಟೋದಾದ್ರೆ ಒಲೆಗೆ ಮಾತ್ರ ಕಟ್ಟಮ್ಮ," ಎಂದು ಅಂಗಡಿಯಾಕೆ ಮಗಳಿಗೆ ಹೇಳಿದಳು. "ಡಬ್ಬಿ ಮರೆಯಿಂದ ಆಚೆಗಿರಲಿ, ಅದಕ್ಕೆ ಬಿಸಿ ತಾಗಬಾರದು."

ಇದನ್ನು ತಾನೇ ಹೇಳಬೇಕೆಂದು ಬಾಯಿ ತೆರೆದಿದ್ದ ಮೇಸ್ತ್ರಿಗೆ ಆಕೆಯ ಮೇಲೆ ಅನುಮಾನ ಹೆಚ್ಚಿತು. ಇಷ್ಟು ಸರಿಯಾಗಿ ಮಾತಾಡುವವರು ಬೇರೆಲ್ಲೋ ಮೋಸ ಮಾಡುತ್ತಾರೆ.

ಸಂಜೆ ತಾರಸಿಯಲ್ಲಿ, ಬೆಂಕಿಕಡ್ಡಿಯನ್ನು ಮೈಲು ದೂರ ಇಡಿಸಿ, ಪರೀಕ್ಷೆಗೆ ಕೂತ. ಎಲ್ಲ ಬಿಚ್ಚಿದ, ಊದಿದ, ಕಚ್ಚಿದ. ನಡುವೆ ಪಕ್ಕದ ಮನೆಯವರು ತಮ್ಮ ಒಲೆ ಹತ್ತುತ್ತಿಲ್ಲವೆಂದು ಕೂಗಿದರು. ಅವರಿಗೆ ಉಪದೇಶ ಕೊಟ್ಟು ಬಂದ. ಮತ್ತೆ ಕೂಡಿಸಿ, ಡಬ್ಬಿ ತಿರುಗಿಸಿ ನೊರೆ ಬಳಿದ. ಬಳಿದದ್ದೇ ತಡ, ಗುಳ್ಳೆಗಳು ಬುಳುಬುಳು ಎದ್ದವು.

ಡಬ್ಬಿ ಕಳಚಿ ಎದ್ದು ನಿಂತ. "ನೋಡಿದ್ಯಾ? ನಾಳೆ ನಿನ್ನ ಹುಬ್ಬು ಹೋಗ್ತಿತ್ತು."

ಮಗಳ ಮುಖ ಬಾಡಿತು. ಬೆಳಿಗ್ಗೆ ಆರಕ್ಕೆ ಕಾರು ಬರುತ್ತದೆ. "ಹಾಗಾದ್ರೆ ನಾನು ಹೋಗಲ್ಲ ಅಂತ ಹೇಳಿಬಿಡ್ತೀನಿ," ಎಂದಳು. ಜಗಳಕ್ಕೆ ನಿಂತಿದ್ದರೆ ಅವನಿಗೆ ಹಾಯೆನಿಸುತ್ತಿತ್ತು. ಅವಳು ಜಗಳವಾಡಲಿಲ್ಲ. ಆ ಸಿಟ್ಟನ್ನೂ ಸೇರಿಸಿ ಒಲೆಯನ್ನು ಅಂಗಡಿಗೆ ಹೊತ್ತುಕೊಂಡು ಹೋದ; ಹಿಂದೆಯೇ ಮಗಳೂ ಹೋದಳು.

"ಇದೇನಮ್ಮ, ನನ್ನ ಮಗಳನ್ನ ಸುಡೋಕೆ ಕೊಟ್ಟಿದ್ದಾ ಇದು?" ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಬೂಟು ನೋಡುವುದನ್ನು ಬಿಟ್ಟು ತಿರುಗಿದರು.

ಆಕೆ ಒಲೆಯನ್ನು ದೀಪಕ್ಕೆ ಹಿಡಿದಳು. "ಇದರೊಳಗೆ ರಬ್ಬರ್ ರಿಂಗೇ ಇಲ್ವಲ್ಲ."

"ರಿಂಗೇ ಇಲ್ದೆ ಮಾರಿದ್ರಾ!" ಜೇಬಿನಿಂದ ಸ್ಕ್ರೂಡ್ರೈವರ್ ಎಳೆದು, ರಿಂಗು ಕೂರುವ ಖಾಲಿ ಕುಳಿಗೆ ಚುಚ್ಚಿ ತೋರಿಸಿದ. "ಇಲ್ಲಿ, ಇಲ್ಲಿ ಇರಬೇಕಿತ್ತು. ಕದ್ದೋರು ಯಾರು ಹೇಳಿ."

ಆಕೆ ಆ ಸ್ಕ್ರೂಡ್ರೈವರನ್ನೇ ನೋಡಿದಳು. "ಯಜಮಾನ್ರೇ, ಅದರ ಕೊರಳಲ್ಲಿ ಇರೋದೇನು?"

ಕಪ್ಪು ರಿಂಗು ಸ್ಕ್ರೂಡ್ರೈವರಿನ ಬುಡದಲ್ಲಿ ಗಟ್ಟಿಯಾಗಿ ಕೂತಿತ್ತು. ಒಂದು ರಿಂಗೂ ಕಳೆಯದ ಮನುಷ್ಯ ಇದನ್ನೂ ಕಳೆದಿರಲಿಲ್ಲ.

ಗಿರಾಕಿಯೊಬ್ಬ ಕೆಮ್ಮಿದ. ಮಗಳು ರಿಂಗು ಬಿಡಿಸಿಕೊಂಡು, ಒಲೆಯೊಳಗೆ ತಾನೇ ಕೂರಿಸಿ, ಅಂಗಡಿಯಾಕೆಯ ಹತ್ತಿರ ಡಬ್ಬಿ ಮತ್ತು ಸೋಪು ಕೇಳಿ ನೊರೆ ಬಳಿದಳು. ಐವರೂ ಬಗ್ಗಿ ಕಾದರು. ಒಂದು ಗುಳ್ಳೆಯೂ ಏಳಲಿಲ್ಲ. ಅಪ್ಪನ ಕಡೆ ಒಮ್ಮೆ ನೋಡಿ, ಮತ್ತೊಂದು ಸಲ ಬಳಿದಳು.

"ತಪ್ಪಾಯ್ತು," ಎಂದ ಮೇಸ್ತ್ರಿ, ಡೇರೆಯ ಕಡೆ ನೋಡುತ್ತ.

"ಇರಲಿ ಬಿಡಿ," ಎಂದಳು ಆಕೆ. "ಮಗಳಿಗೆ ಕೆಲಸ ಕಲಿಸಿದ್ದೀರಲ್ಲ."

ಬೆಳಿಗ್ಗೆ ಕಾರಿನ ಹತ್ತಿರ ಅವನು ಒಂದು ಚೂರು ಸೋಪು, ಆ ಹಳೇ ಬ್ರಷ್ಷು ಕೊಟ್ಟ. ಅವಳು ತೆಗೆದುಕೊಂಡಳು. ಆದರೆ ಅವನ ಕೈ ಒಲೆಯ ಚೀಲದ ಕಡೆ ಹೊರಳುತ್ತಲೇ ಚೀಲವನ್ನು ಎದೆಗೆ ಅವುಚಿಕೊಂಡಳು.

"ಮುಟ್ಟಬೇಡಪ್ಪ. ಈಗ ತಾನೇ ನೊರೆ ಹಚ್ಚಿ ನೋಡಿದೀನಿ. ಆಮೇಲೆ ಮುಟ್ಟಿಲ್ಲ ತಾನೇ ನೀನು?"

"ಇಲ್ಲ."

ಅವಳು ನಂಬಿದ ಹಾಗೆ ಕಾಣಲಿಲ್ಲ. ಅವನಿಗೆ ಅದು ಹಿತವಾಯಿತು.

ಕಾರು ತಿರುವು ದಾಟಿದ ಮೇಲೆ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನೋಡಿದ. ಏನೂ ಇರಲಿಲ್ಲ. ಬೆರಳಿನಿಂದ ಸವರಿ, ಇನ್ನೊಂದು ಸಲ ನೋಡಿದ.